ಮೂಗು ಸರಿಮಾಡಿಸಿಕೊಳ್ಳೋದು ಶೋಕಿಯಲ್ಲ

ಇವತ್ತು ಮೂಗಿನ ಬಗ್ಗೆ ಮಾತಾಡೋಣ. ನಗಬೇಡಿ, ವಿಷಯ ಗಂಭೀರವಾಗಿಯೇ ಇದೆ.

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಮೆಣಸಿನ ಕೊಯ್ಲು ಶುರುವಾದರೆ ಬಿದಿರಿನ ಏಣಿ ಹೊತ್ತವರು ತೋಟದ ತುಂಬಾ ಕಾಣುತ್ತಾರೆ. ಸಿಲ್ವರ್ ಮರಕ್ಕೆ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಮೇಲೆ ಹೋಗುತ್ತಾರೆ. ಮಳೆಗಾಲಕ್ಕೆ ಮುಂಚೆ ಮರಗಸಿ ಕೆಲಸ, ಕೈಯಲ್ಲಿ ಕತ್ತಿ, ಕಾಲ ಕೆಳಗೆ ಜಾರುವ ಕೊಂಬೆ. ಇನ್ನು ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಬೈಕ್ ಓಡಿಸುವವರ ಕಥೆ ಬೇರೆ. ಬಿದ್ದು ಕೈಯೋ ಕಾಲೋ ಮುರಿದರೆ ಜೀಪು ಮಾಡಿಕೊಂಡು ಆಸ್ಪತ್ರೆಗೆ ಓಡುತ್ತೇವೆ. ಮೂಗು ಮುರಿದರೆ? "ರಕ್ತ ನಿಂತಿತಲ್ಲ ಮಾರಾಯ, ಊತ ಇಳಿದರೆ ಸರಿಹೋಗುತ್ತೆ ಬಿಡು" ಅನ್ನುತ್ತೇವೆ.

ಊತ ಇಳಿಯುತ್ತೆ. ಆದರೆ ಮೂಗು ಒಂದು ಕಡೆಗೆ ವಾಲಿರುತ್ತೆ. ಒಂದು ಹೊಳ್ಳೆ ಕಟ್ಟಿಕೊಂಡಿರುತ್ತೆ, ರಾತ್ರಿಯೆಲ್ಲ ಬಾಯಲ್ಲಿ ಉಸಿರಾಟ. ಆರು ತಿಂಗಳಾದ ಮೇಲೆ ಡಾಕ್ಟರು "ಆಪರೇಷನ್ ಆಗಬೇಕು" ಅಂತಾರೆ. ಇನ್ಶೂರೆನ್ಸ್ ಕಂಪನಿಗೆ ಅರ್ಜಿ ಹಾಕಿದರೆ ಎಷ್ಟೋ ಸಲ ಬರುವ ಉತ್ತರ ಒಂದೇ: "ಇದು ಸೌಂದರ್ಯ ಚಿಕಿತ್ಸೆ, ಹಣ ಕೊಡೋಕಾಗಲ್ಲ."

ಹೌದಾ? ಮುರಿದ ಮೂಗನ್ನು ಸರಿಮಾಡಿಸಿಕೊಳ್ಳೋದು ಶೋಕಿಯಾ? ಈ ಪ್ರಶ್ನೆಗೆ ಪಾಲಿಸಿ ಪುಸ್ತಕಕ್ಕಿಂತ ಮೊದಲು ಇತಿಹಾಸ ಉತ್ತರ ಕೊಟ್ಟಿದೆ. ಆ ಇತಿಹಾಸ ನಡೆದದ್ದು ಎಲ್ಲೋ ದೂರದಲ್ಲಲ್ಲ, ನಮ್ಮ ಮೈಸೂರು ಸೀಮೆಯಲ್ಲೇ ಅದರ ಒಂದು ದೊಡ್ಡ ಅಧ್ಯಾಯ ಇದೆ.

ನಮ್ಮ ಭಾಷೆಯಲ್ಲಿ ಮೂಗು ಅಂದರೆ ಬರೀ ಉಸಿರಾಡುವ ಅಂಗ ಅಲ್ಲ, ಅದು ಮಾನ. ಶೂರ್ಪನಖಿಗೆ ಲಕ್ಷ್ಮಣ ಕೊಟ್ಟ ಶಿಕ್ಷೆ ಯಾವುದು ಅಂತ ಮಕ್ಕಳಿಗೂ ಗೊತ್ತು. ಹಿಂದಿನ ಕಾಲದಲ್ಲಿ ಕೊಲ್ಲದೆ ಅವಮಾನ ಮಾಡಬೇಕು ಅಂದರೆ ಮೂಗು ಕೊಯ್ಯುತ್ತಿದ್ದರು. 17ನೇ ಶತಮಾನದಲ್ಲಿ ಮೈಸೂರಿಗೂ ಮಧುರೆಯ ನಾಯಕರಿಗೂ ನಡೆದ ಒಂದು ಯುದ್ಧಕ್ಕೆ ಇತಿಹಾಸಕಾರರು ಮೂಗು ಕೊಯ್ಯುವ ಯುದ್ಧ ಅಂತಲೇ ಹೆಸರಿಟ್ಟಿದ್ದಾರೆ. ಮೈಸೂರಿನ ಕಂಠೀರವ ನರಸರಾಜ ಒಡೆಯರ್ ಮತ್ತು ಮಧುರೆಯ ತಿರುಮಲ ನಾಯಕರ ಕಾಲ ಅದು. ಎರಡೂ ಕಡೆಯ ಸಾಮಾನ್ಯ ಜನ ಮೂಗು ಕಳೆದುಕೊಂಡರು.

ಈಗ 1792ಕ್ಕೆ ಬನ್ನಿ. ಮೂರನೇ ಮೈಸೂರು ಯುದ್ಧ, ಒಂದು ಕಡೆ ಟಿಪ್ಪು ಸುಲ್ತಾನ್, ಇನ್ನೊಂದು ಕಡೆ ಇಂಗ್ಲಿಷ್ ಕಂಪನಿ ಸೈನ್ಯ. ಟಿಪ್ಪು ಹೆಸರು ಬಂದ ಕೂಡಲೇ ಡಿಬೇಟ್ ಶುರು ಮಾಡಬೇಡಿ. ಇವತ್ತಿನ ವಿಷಯ ಸುಲ್ತಾನನದ್ದಲ್ಲ, ಒಬ್ಬ ಎತ್ತಿನವನದ್ದು. ಕಂಪನಿ ಸೈನ್ಯದ ಸಾಮಾನು ಹೊರುವ ಎತ್ತುಗಳನ್ನು ಹೊಡೆಯುತ್ತಿದ್ದ ಮರಾಠಿ ರೈತ ಅವನು, ಹೆಸರು ಕಾವಸ್‌ಜಿ. ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಪತ್ರಿಕೆ 1794ರ ಅಕ್ಟೋಬರ್‌ನಲ್ಲಿ ಅವನ ಕಥೆಯನ್ನು ಚಿತ್ರ ಸಮೇತ ಅಚ್ಚು ಹಾಕಿತು. ಅದರ ಪ್ರಕಾರ ಅವನು ಟಿಪ್ಪು ಸೈನ್ಯಕ್ಕೆ ಸೆರೆಸಿಕ್ಕಿದ. ಅಲ್ಲಿ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಅದೇ ಸ್ಥಿತಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ಮುಂಬೈ ಸೈನ್ಯವನ್ನು ಬಂದು ಸೇರಿಕೊಂಡ. ಕಂಪನಿ ಅವನಿಗೆ ಪಿಂಚಣಿ ಕೊಟ್ಟಿತು.

ಇಲ್ಲಿ ಸ್ವಲ್ಪ ನಿಲ್ಲಿ. ಕೆಲಸದಲ್ಲಿದ್ದಾಗ ಗಾಯವಾಯಿತು, ಕೆಲಸ ಕೊಟ್ಟವನು ಪರಿಹಾರ ಕೊಟ್ಟ. ಇವತ್ತಿನ ಭಾಷೆಯಲ್ಲಿ ಹೇಳಿದರೆ ಕ್ಲೇಮ್ ಪಾಸಾಯ್ತು. ಆದರೆ ಪಿಂಚಣಿಯಿಂದ ಮುಖಕ್ಕೆ ಮೂಗು ಬರುತ್ತಾ? ಸುಮಾರು ಒಂದು ವರ್ಷ ಅವನು ಮೂಗಿಲ್ಲದೆಯೇ ಬದುಕಿದ.

ಆಮೇಲೆ ಅವನಿಗೆ ಮೂಗು ಕೊಟ್ಟದ್ದು ಯಾರು? ಕಂಪನಿಯ ಸರ್ಜನ್ ಅಲ್ಲ. ಪುಣೆ ಹತ್ತಿರದ, ಇಟ್ಟಿಗೆ ಮಾಡುವ ಸಮುದಾಯದ ಒಬ್ಬ ಮನುಷ್ಯ. ತೆಳ್ಳಗಿನ ಮೇಣದ ಹಾಳೆಯನ್ನು ಮೂಗಿನ ಅಳತೆಗೆ ಮಡಿಸಿ, ಅದನ್ನೇ ಬಿಡಿಸಿ ಹಣೆ ಮೇಲಿಟ್ಟು ಗೆರೆ ಎಳೆದ. ಆ ಗೆರೆಯಗುಂಟ ಹಣೆಯ ಚರ್ಮ ಬಿಡಿಸಿದ. ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಹಾಗೇ ಬಿಟ್ಟ, ರಕ್ತ ಓಡಾಡಬೇಕಲ್ಲ. ಚರ್ಮವನ್ನು ತಿರುಗಿಸಿ ಮೂಗಿನ ಜಾಗಕ್ಕೆ ತಂದು ಕೂರಿಸಿ, ನೀರಲ್ಲಿ ಕಲಸಿದ ಕಾಚು ಹಚ್ಚಿದ. ನಾಲ್ಕು ದಿನ ಆದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು ಇಪ್ಪತ್ತೈದನೇ ದಿನ ಆ ಪಟ್ಟಿಯನ್ನು ಕತ್ತರಿಸಿದರೆ ಹೊಸ ಮೂಗು ಸಿದ್ಧ. ಥಾಮಸ್ ಕ್ರೂಸೊ, ಜೇಮ್ಸ್ ಫಿಂಡ್ಲೆ ಅನ್ನೋ ಇಬ್ಬರು ಇಂಗ್ಲಿಷ್ ವೈದ್ಯರು ಇದನ್ನು ಕಣ್ಣಾರೆ ನೋಡಿದರು. ಮೂಗನ್ನು ಮತ್ತೆ ಕಟ್ಟುವ ವಿದ್ಯೆ ಸುಶ್ರುತ ಸಂಹಿತೆಯಲ್ಲೇ ಇದೆ, ಅಲ್ಲಿ ಕೆನ್ನೆಯ ಚರ್ಮ ಬಳಸುವ ವಿಧಾನ. ಪುಣೆಯವನದ್ದು ಹಣೆಯ ಚರ್ಮ.

ಪತ್ರಿಕೆಯಲ್ಲಿ ಬಂದ ಈ ಸುದ್ದಿ ಯುರೋಪಿನ ವೈದ್ಯರನ್ನು ಬೆಚ್ಚಿಬೀಳಿಸಿತು. ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರ ಅಕ್ಟೋಬರ್‌ನಲ್ಲಿ ಇದೇ ವಿಧಾನದಲ್ಲಿ ಆಪರೇಷನ್ ಮಾಡಿ, 1816ರಲ್ಲಿ ಪುಸ್ತಕ ಬರೆದರು. ಇವತ್ತಿಗೂ ಪ್ಲಾಸ್ಟಿಕ್ ಸರ್ಜನ್‌ಗಳು ಹಣೆಯ ಚರ್ಮದಿಂದ ಮೂಗು ಕಟ್ಟುವುದನ್ನು 'ಇಂಡಿಯನ್ ವಿಧಾನ' ಅಂತ ಕರೀತಾರೆ. ಈ 'ಪ್ಲಾಸ್ಟಿಕ್' ಅನ್ನೋ ಪದಕ್ಕೂ ಬಕೆಟ್‌ಗೂ ಸಂಬಂಧ ಇಲ್ಲ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಮಣ್ಣಿನ ಹಾಗೆ ರೂಪ ಕೊಡೋದು. ಇಟ್ಟಿಗೆಗೆ ರೂಪ ಕೊಡುವ ಕೈಯೇ ಮೂಗಿಗೂ ರೂಪ ಕೊಟ್ಟಿತು.

ಗಮನಿಸಿ, ಇಲ್ಲಿಯವರೆಗೆ ಚೆಂದದ ಮಾತೇ ಬಂದಿಲ್ಲ. ಎಲ್ಲವೂ ಗಾಯ, ಎಲ್ಲವೂ ರಿಪೇರಿ. ಚೆನ್ನಾಗಿರುವ ಮೂಗನ್ನು ಇನ್ನೂ ಚೆನ್ನಾಗಿ ಮಾಡುವ ಆಪರೇಷನ್‌ಗೆ ಹೆಸರು ಬಂದದ್ದು ಬಹಳ ತಡವಾಗಿ. ಬರ್ಲಿನ್‌ನ ಜಾಕ್ ಜೋಸೆಫ್ ಅನ್ನೋ ವೈದ್ಯ 1898ರಲ್ಲಿ ದೊಡ್ಡ ಮೂಗನ್ನು ಚಿಕ್ಕದು ಮಾಡಿದ ಕಾಲದಿಂದ ಈಚೆಗೆ. ಅದೇ ಜೋಸೆಫ್ ಕೂಡ ಮೊದಲ ಮಹಾಯುದ್ಧದಲ್ಲಿ ಮುಖ ಕಳೆದುಕೊಂಡ ಸೈನಿಕರ ಕಡೆಗೇ ತಿರುಗಬೇಕಾಯಿತು. ಇತ್ತ ಇಂಗ್ಲೆಂಡಿನಲ್ಲಿ ಹೆರಾಲ್ಡ್ ಗಿಲ್ಲಿಸ್ 1917ರಿಂದ ಸಿಡ್‌ಕಪ್ ಆಸ್ಪತ್ರೆಯಲ್ಲಿ ಸಾವಿರಾರು ಸೈನಿಕರ ಮುಖ ಕಟ್ಟಿದರು. ಗಿಲ್ಲಿಸ್ ಮೂಲತಃ ಕಿವಿ-ಮೂಗು-ಗಂಟಲಿನ ಡಾಕ್ಟರು.

ಅಂದರೆ ಈ ವಿದ್ಯೆಯಲ್ಲಿ ರಿಪೇರಿ ಅಣ್ಣ, ಸೌಂದರ್ಯ ತಮ್ಮ. ಇನ್ಶೂರೆನ್ಸ್‌ನವರಿಗೆ ತಮ್ಮನ ಮೇಲೆ ಅನುಮಾನ. ಇರಲಿ, ತಪ್ಪಿಲ್ಲ. ಯಾರದ್ದೋ ಶೋಕಿಗೆ ಎಲ್ಲರ ಪ್ರೀಮಿಯಂ ಹಣ ಯಾಕೆ ಹೋಗಬೇಕು? ಆದರೆ ತಮ್ಮನ ಮೇಲಿನ ಅನುಮಾನಕ್ಕೆ ಅಣ್ಣನನ್ನು ಬಾಗಿಲಿಂದ ಆಚೆ ನಿಲ್ಲಿಸಬಾರದು. ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ನಮಗೆ ರಿಪೇರಿಗೂ ಅಲಂಕಾರಕ್ಕೂ ವ್ಯತ್ಯಾಸ ಚೆನ್ನಾಗಿ ಗೊತ್ತು. ಕಾರು ಗುದ್ದಿಕೊಂಡರೆ ಡೆಂಟಿಂಗ್, ಪೇಂಟಿಂಗ್‌ಗೆ ಕ್ಲೇಮ್ ಹಾಕುತ್ತೀರಿ. ಆಗ "ಇದು ಕಾರಿನ ಸೌಂದರ್ಯಕ್ಕೆ" ಅಂತ ಯಾರಾದರೂ ಕೇಳಿದ್ದಾರಾ? ಬಂಪರ್‌ಗೆ ಇರುವ ಮರ್ಯಾದೆ ಮೂಗಿಗೆ ಬೇಡವಾ?

ನಮ್ಮ ದೇಶದ ನಿಯಮ ಇದನ್ನು ಒಪ್ಪಿಕೊಂಡೇ ಇದೆ. ಮೆಡಿಕ್ಲೇಮ್ ಇಲ್ಲಿ ಶುರುವಾದದ್ದು 1986ರಲ್ಲಿ, ಸರ್ಕಾರಿ ಕಂಪನಿಗಳಿಂದ. ಬಹಳ ವರ್ಷ ಒಂದೊಂದು ಕಂಪನಿಯದು ಒಂದೊಂದು ಮಾತು. 2019ರ ಸೆಪ್ಟೆಂಬರ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಆರೋಗ್ಯ ವಿಮೆಯಲ್ಲಿ ಯಾವುದಕ್ಕೆ ಹಣ ಇಲ್ಲ ಅನ್ನೋ ಷರತ್ತುಗಳ ಮಾತನ್ನು ಎಲ್ಲರಿಗೂ ಒಂದೇ ಮಾಡಿತು. ಅದರಲ್ಲಿ ಎಂಟನೇ ನಂಬರಿನ ಷರತ್ತು ಹೇಳೋದು ಇಷ್ಟು: ಸೌಂದರ್ಯಕ್ಕಾಗಿ ಮಾಡುವ ಸರ್ಜರಿಗೆ, ಪ್ಲಾಸ್ಟಿಕ್ ಸರ್ಜರಿಗೆ, ಚಹರೆ ಬದಲಿಸುವ ಚಿಕಿತ್ಸೆಗೆ ಹಣ ಇಲ್ಲ. ಆದರೆ ಅಪಘಾತ, ಸುಟ್ಟ ಗಾಯ ಅಥವಾ ಕ್ಯಾನ್ಸರ್ ಆದ ಮೇಲೆ ಮತ್ತೆ ಸರಿಮಾಡುವ ಆಪರೇಷನ್‌ಗೆ ಈ ನಿಷೇಧ ಇಲ್ಲ. ಈ 'ಆದರೆ' ಅನ್ನೋ ಪದದಲ್ಲೇ ನಿಮ್ಮ ಮೂಗು ಇದೆ.

ಇನ್ನೂ ಒಂದು ಮಾತು. ಮೂಗಿನ ನಡುಗೋಡೆ ಸೊಟ್ಟಗಿರುವ ಸಮಸ್ಯೆಗೆ ಹಲವು ಪಾಲಿಸಿಗಳಲ್ಲಿ ಒಂದೆರಡು ವರ್ಷ ಕಾಯಬೇಕು ಅಂತ ಬರೆದಿರುತ್ತೆ. ಅದೇ 2019ರ ಮಾತಿನ ಪ್ರಕಾರ, ಅಪಘಾತದಿಂದ ಬಂದ ಕ್ಲೇಮ್‌ಗೆ ಆ ಕಾಯುವಿಕೆ ಅನ್ವಯ ಆಗಲ್ಲ.

ಹಾಗಾದರೆ ಜಗಳ ಎಲ್ಲಿ? ಜಗಳ ಇರೋದು ಪುರಾವೆಯಲ್ಲಿ. ನಡುಗೋಡೆ ಸ್ವಲ್ಪ ಸೊಟ್ಟಗಿರುವವರು ಬಿದ್ದವರಲ್ಲಷ್ಟೇ ಅಲ್ಲ, ಬೀಳದವರಲ್ಲೂ ಎಷ್ಟೋ ಜನ ಇದ್ದಾರೆ. ಸ್ಕ್ಯಾನ್ ಮಾಡಿದರೆ ಸೊಟ್ಟ ಕಾಣುತ್ತೆ, ಆದರೆ ಅದು ಯಾವತ್ತಿನಿಂದ ಅಂತ ತಾರೀಖು ಕಾಣಲ್ಲ. ತಾರೀಖು ಇರೋದು ಕಾಗದದಲ್ಲಿ. ಕಾವಸ್‌ಜಿ ವಿಷಯದಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ, ಯುದ್ಧದಲ್ಲಿ ಆದ ಗಾಯ ಅಂತ ಸೈನ್ಯಕ್ಕೇ ಗೊತ್ತಿತ್ತು. ಕಳಸದ ತೋಟದಲ್ಲಿ ಏಣಿಯಿಂದ ಬಿದ್ದವನಿಗೆ ಸಾಕ್ಷಿ ಯಾರು?

ಅದಕ್ಕೇ ಬಿದ್ದ ದಿನವೇ ಆಸ್ಪತ್ರೆಗೆ ಹೋಗಿ. ಇದು ಬರೀ ಇನ್ಶೂರೆನ್ಸ್‌ಗಲ್ಲ. ಮೂಗಿನ ನಡುಗೋಡೆಯೊಳಗೆ ರಕ್ತ ಹೆಪ್ಪುಗಟ್ಟಿದರೆ ತಕ್ಷಣ ತೆಗೆಸಬೇಕು, ಬಿಟ್ಟರೆ ಮೂಗು ನಡುವೆ ಕುಸಿದು ಬೀಳುತ್ತೆ. ಮೂಗಿಂದ ನೀರಿನಂಥ ದ್ರವ ಸೋರಿದರೆ ಅದು ತಲೆಯ ಪೆಟ್ಟಿನ ಸೂಚನೆ ಇರಬಹುದು. ಸರಿದ ಮೂಳೆಯನ್ನು ದೊಡ್ಡ ಆಪರೇಷನ್ ಇಲ್ಲದೆ ಜಾಗಕ್ಕೆ ಕೂರಿಸೋಕೆ ದೊಡ್ಡವರಲ್ಲಿ ಸುಮಾರು ಎರಡು ವಾರದ ಅವಕಾಶ ಇರುತ್ತೆ, ಮಕ್ಕಳಲ್ಲಿ ಇನ್ನೂ ಕಡಿಮೆ. ಆ ಸಮಯ ಕಳೆದರೆ ತಿಂಗಳುಗಟ್ಟಲೆ ಕಾದು ಆಮೇಲೆ ದೊಡ್ಡ ಆಪರೇಷನ್. ಕಿವಿ-ಮೂಗಿನ ಡಾಕ್ಟರನ್ನು ನೋಡೋಕೆ ಮೂಡಿಗೆರೆಯವರು ಚಿಕ್ಕಮಗಳೂರಿಗೋ ಹಾಸನಕ್ಕೋ, ಕಳಸದವರು ಕುದುರೆಮುಖ ದಾಟಿ ಕಾರ್ಕಳ, ಮಣಿಪಾಲಕ್ಕೋ ಹೋಗಬೇಕು ಅಂದರೆ ಒಂದು ದಿನದ ಕೂಲಿ ಹೋಗುತ್ತೆ. ನಿಜ. ಆದರೆ ಆ ಒಂದು ದಿನ ಉಳಿಸೋಕೆ ಹೋಗಿ ಜೀವನಪೂರ್ತಿ ಒಂದೇ ಹೊಳ್ಳೆಯಲ್ಲಿ ಉಸಿರಾಡಬೇಕಾಗುತ್ತೆ.

ಆಸ್ಪತ್ರೆಯ ಚೀಟಿಯಲ್ಲಿ 'ಮೂಗು ನೋವು' ಅಂತಷ್ಟೇ ಬರೆದರೆ ಸಾಲದು. ಎಲ್ಲಿ, ಯಾವಾಗ, ಹೇಗೆ ಬಿದ್ದದ್ದು ಅನ್ನೋದು ಇರಬೇಕು. ರಸ್ತೆ ಅಪಘಾತ ಆದರೆ ಪೊಲೀಸ್ ದಾಖಲೆ ಇರಲಿ. ತೋಟದಲ್ಲಿ ಆದರೆ ರೈಟರಿಗೆ ಹೇಳಿ ಹಾಜರಿ ಪುಸ್ತಕದಲ್ಲೇ ಬರೆಸಿ. ಹಳೆಯ ಫೋಟೊ ಒಂದು ಇಟ್ಟುಕೊಳ್ಳಿ, ಬೀಳುವ ಮುಂಚಿನ ಮೂಗು ಅದರಲ್ಲಿದೆ. ಆಪರೇಷನ್ ಯಾಕೆ ಬೇಕು ಅಂತ ಡಾಕ್ಟರು ಬರೆದುಕೊಡಲಿ. ಉಸಿರಾಟಕ್ಕೆ ನಡುಗೋಡೆ ಸರಿಮಾಡಿಸುವ ಜೊತೆಗೆ ಹುಟ್ಟಿನಿಂದ ಬಂದ ಗುಬುಟನ್ನೂ ತೆಗೆಸಿಕೊಳ್ಳುತ್ತೀರಾ? ಆ ಭಾಗದ ಖರ್ಚು ನಿಮ್ಮದೇ. ಬಿದ್ದ ಮೇಲೆ ಪಾಲಿಸಿ ಕೊಂಡು, ಬಿದ್ದದ್ದನ್ನು ಮುಚ್ಚಿಟ್ಟರೆ ಅದೂ ನಡೆಯಲ್ಲ.

ಇಷ್ಟಾದರೂ ಕಂಪನಿ ಇಲ್ಲ ಅಂದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಫೀಸಿಲ್ಲ, ವಕೀಲರು ಬೇಕಿಲ್ಲ, ಒಂದು ವರ್ಷದೊಳಗೆ ಹೋಗಬೇಕು.

ಪಾಲಿಸಿಯೇ ಇಲ್ಲದವರು? ನಮ್ಮ ಕಾಫಿ ಸೀಮೆಯಲ್ಲಿ ಅಂಥವರೇ ಜಾಸ್ತಿ. ಅವರಿಗೂ ಇತಿಹಾಸ ಒಂದು ದಾರಿ ಬಿಟ್ಟಿದೆ. 1923ರಲ್ಲಿ ಬಂದ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಮುಖ ತೀರಾ ವಿಕಾರವಾದರೆ ದುಡಿಯುವ ಶಕ್ತಿ ನೂರಕ್ಕೆ ನೂರು ಹೋದಂತೆ ಅಂತ ಲೆಕ್ಕ ಇತ್ತು. ಕೈ ಕಾಲು ಗಟ್ಟಿ ಇದ್ದರೂ ಮುಖ ಹೋದವನಿಗೆ ಕೆಲಸ ಕೊಡೋರು ಯಾರು ಅನ್ನೋ ಸತ್ಯ ಆ ಕಾನೂನು ಬರೆದವರಿಗೆ ಗೊತ್ತಿತ್ತು. 2009ರ ತಿದ್ದುಪಡಿ, ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಯ ನಿಜವಾದ ಖರ್ಚನ್ನೂ ಮಾಲೀಕರೇ ಕೊಡಬೇಕು ಅಂತ ಸೇರಿಸಿತು. ತೋಟದ ಮಾಲೀಕರೇ, ಇದನ್ನು ನಿಮ್ಮ ಮೇಲಿನ ದೂರು ಅಂತ ತಿಳಿಯಬೇಡಿ. ಏಣಿ ಹತ್ತುವವರ ಹೆಸರಲ್ಲಿ ಒಂದು ವಿಮೆ ಮಾಡಿಸಿಟ್ಟರೆ ಆ ಖರ್ಚು ನಿಮ್ಮ ಮೇಲೂ ಬೀಳಲ್ಲ. ಬಿಪಿಎಲ್ ಕುಟುಂಬಗಳಿಗೆ 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅಲ್ಲೂ ಬರೀ ಸೌಂದರ್ಯಕ್ಕೆ ಹಣ ಇಲ್ಲ, ಹಾಗಾಗಿ ಅಲ್ಲೂ ಅಪಘಾತದ ಕಾಗದವೇ ಆಧಾರ. ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳೋಕಾಗುತ್ತಾ ಅಂತ ನಮ್ಮಲ್ಲಿ ಗಾದೆಯಿದೆ. ಶೋಕಿಯವರಿಗೆ ಹೆದರಿ ಗಾಯಗೊಂಡವನ ಕ್ಲೇಮ್ ಕೊಯ್ಯುವುದೂ ಅಂಥದ್ದೇ ಕೆಲಸ. ಅಂದು ಪಿಂಚಣಿ ಒಬ್ಬರು ಕೊಟ್ಟರು, ಮೂಗು ಇನ್ನೊಬ್ಬರು ಕೊಟ್ಟರು. ಆ ಎರಡನ್ನೂ ಒಂದೇ ಕಡೆ ಸಿಗುವ ಹಾಗೆ ಮಾಡೋದಕ್ಕೇ ವಿಮೆ ಅಂತ ಹೆಸರು.