ಸಹಿಗೆ ಬಂದ ಕಾಗದ

ಅಮೆರಿಕದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಳು. ಬರುವ ತಿಂಗಳು ಹೆರಿಗೆ, ಗಂಡುಮಗುವಂತೆ. ಸುನ್ನತಿ ಮಾಡಿಸುವಿರಾ ಎಂದು ಆಸ್ಪತ್ರೆಯವರು ಸಹಿಗೆ ಕಾಗದ ಕೊಟ್ಟಿದ್ದಾರೆ. “ಇಲ್ಲಿಯ ಹುಡುಗರ ನಡುವೆ ನಮ್ಮವನು ಬೇರೆಯಾಗಿ ಕಾಣಬಾರದು ಎನ್ನುತ್ತಾರೆ ನಮ್ಮವರು. ನನಗೆ ಮನಸ್ಸಿಲ್ಲ. ಇವರಿಗೆ ಈ ಪದ್ಧತಿ ಬಂದದ್ದಾದರೂ ಎಲ್ಲಿಂದ, ಸಾರ್?”

ಯೆಹೂದ್ಯರಿಗೂ ಮುಸಲ್ಮಾನರಿಗೂ ಇದು ಧರ್ಮದ ಮಾತು. ಕನ್ನಡದಲ್ಲಿ ಉಪನಯನಕ್ಕೂ ಇದಕ್ಕೂ ‘ಮುಂಜಿ’ ಎಂಬ ಒಂದೇ ಹೆಸರು ಸಲ್ಲುವುದುಂಟು, ಹೆಸರಿಟ್ಟವರು ಜಾಣರು. ಆದರೆ ಇಂಗ್ಲಿಷ್ ಮಾತಾಡುವ ಕ್ರೈಸ್ತರ ಮನೆಗಳಿಗೆ ಇದನ್ನು ತಂದವರು ವೈದ್ಯರು. 1870ರಲ್ಲಿ ನ್ಯೂಯಾರ್ಕಿನ ಹೆಸರಾಂತ ಶಸ್ತ್ರವೈದ್ಯ ಲೂಯಿಸ್ ಸೇಯರ್, ನಡೆಯಲಾರದ ಐದು ವರ್ಷದ ಬಾಲಕನೊಬ್ಬನಿಗೆ ಸುನ್ನತಿ ಮಾಡಿ, ಅವನ ಕಾಲು ಸರಿಹೋಯಿತೆಂದು ಸಾರಿದನು. ಆಮೇಲೆ ಕೇಳಬೇಕೆ! ಮೂರ್ಛೆರೋಗಕ್ಕೂ ಅದೇ ಮದ್ದು, ಹುಡುಗರ ದುರಭ್ಯಾಸಕ್ಕೂ ಅದೇ ಮದ್ದು. 1930ರ ದಶಕದ ಇಂಗ್ಲೆಂಡಿನಲ್ಲಿ ಸುಮಾರು ಮೂವರಲ್ಲಿ ಒಬ್ಬ ಹುಡುಗನಿಗೆ ಆಗುತ್ತಿದ್ದಿತು. ಉಳ್ಳವರ ಮನೆಗಳಲ್ಲಿ ಇನ್ನೂ ಹೆಚ್ಚು.

1949ರ ಡಿಸೆಂಬರಿನಲ್ಲಿ ಕೇಂಬ್ರಿಜಿನ ಮಕ್ಕಳ ವೈದ್ಯ ಡಗ್ಲಸ್ ಗೈರ್ಡ್ನರ್ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಒಂದು ಲೇಖನ ಬರೆದನು. ಹುಟ್ಟಿದ ಕೂಸಿನ ಮುಂದೊಗಲು ಅಂಟಿಕೊಂಡಿರುವುದು ಸಹಜ. ವರ್ಷಗಳು ಕಳೆದಂತೆ ತಾನಾಗಿ ಬಿಡುತ್ತದೆ. ಅದನ್ನೇ ರೋಗವೆಂದು ಭ್ರಮಿಸಿ ವೈದ್ಯರು ಕತ್ತರಿ ಹಿಡಿದಿದ್ದರು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಈ ಕತ್ತರಿಗೆ ವರ್ಷಕ್ಕೆ ಸುಮಾರು 16 ಮಕ್ಕಳು ಬಲಿಯಾಗುತ್ತಿದ್ದರೆಂದೂ ಅವನು ತೋರಿಸಿದನು. 1948ರಲ್ಲಿ ಅಲ್ಲಿ ಸರ್ಕಾರದ ಉಚಿತ ವೈದ್ಯ ಸೇವೆ ಆರಂಭವಾಗಿದ್ದಿತು. ಕಾರಣವಿಲ್ಲದ ಸುನ್ನತಿಗೆ ಅದರಲ್ಲಿ ಎಡೆ ದೊರೆಯಲಿಲ್ಲ. ಒಂದು ತಲೆಮಾರಿನೊಳಗೆ ಪದ್ಧತಿ ಬಹುಮಟ್ಟಿಗೆ ಅಡಗಿತು.

ಅಮೆರಿಕದಲ್ಲಿ ವಿಮೆ ಹಣ ತೆತ್ತಿತು, ರೂಢಿ ಉಳಿಯಿತು. ಅಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿ 1971ರಲ್ಲಿ, ನವಜಾತ ಶಿಶುವಿಗೆ ಇದನ್ನು ಮಾಡಲು ವೈದ್ಯಕೀಯ ಕಾರಣವಿಲ್ಲವೆಂದಿತು. 2012ರಲ್ಲಿ, ಮೂತ್ರದ ಸೋಂಕು ತಗ್ಗುವುದೇ ಮೊದಲಾದ ಲಾಭಗಳು ಅಪಾಯಕ್ಕಿಂತ ಹೆಚ್ಚು, ಆದರೂ ಎಲ್ಲರಿಗೂ ಮಾಡಿಸಿರೆನ್ನುವಷ್ಟಿಲ್ಲ, ತಂದೆತಾಯಿಗಳೇ ತೀರ್ಮಾನಿಸಲಿ ಎಂದಿತು. ವೈದ್ಯರು ಹೊತ್ತು ತಂದದ್ದನ್ನು ಕೊನೆಗೆ ತಾಯಿಯ ಮಡಿಲಿಗೆ ಹಾಕಿದಂತಾಯಿತು.

ಇಷ್ಟನ್ನೂ ಬರೆದು ಕಳುಹಿಸಿದೆ. ಆ 16ರ ಲೆಕ್ಕ ಹಳೆಯದು, ಈಗ ಹಾಗಾಗುವುದಿಲ್ಲ ಎಂದರಂತೆ ಅವಳ ಯಜಮಾನರು. ಅದೂ ನಿಜವೇ. “ಹಾಗಾದರೆ ಇಂಗ್ಲೆಂಡಿನ ಹುಡುಗರೆಲ್ಲ ಯಾರ ನಡುವೆ ಬೇರೆಯಾಗಿ ಕಾಣುತ್ತಾರೆ?” ಎಂದು ಇವಳು ಕೇಳಿದಳಂತೆ. ಮಗು ಹುಟ್ಟಿತು. ಕಾಗದಕ್ಕೆ ಸಹಿ ಬೀಳಲಿಲ್ಲ.