ಗೋಡೆಯ ಬೂಷ್ಟು: ಬಣ್ಣಕ್ಕಿಂತ ಮೊದಲು ನೀರಿನ ದಾರಿ ಹುಡುಕಿ

ಲಿಂಗನೂರು (ತಾ. ಮಿರಜ): ದೀಪಾವಳಿಗೆ ಬಣ್ಣ ಕಂಡ ಗೋಡೆ ಮುಂದಿನ ಶ್ರಾವಣಕ್ಕೆ ಮತ್ತೆ ಕಪ್ಪು ಚುಕ್ಕೆ ಹೊತ್ತು ನಿಲ್ಲುವುದು ಗಡಿಭಾಗದ ಅನೇಕ ಮನೆಗಳಲ್ಲಿ ಕಾಣುವ ಸಂಗತಿ. ಕನ್ನಡ ಮನೆಗಳಲ್ಲಿ ಇದು ಬೂಷ್ಟು, ಮರಾಠಿ ಮನೆಗಳಲ್ಲಿ ಬುರಶಿ. ಇದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ, ತಡೆಯಲಾಗದು. ಆದರೆ ತೇವ ಸಿಗದೆ ಅವು ಬೆಳೆಯಲಾರವು. ತೇವ ಸಿಕ್ಕರೆ 24ರಿಂದ 48 ಗಂಟೆಗಳಲ್ಲೇ ಬೇರೂರತೊಡಗುತ್ತವೆ. ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಬಣ್ಣದ ಡಬ್ಬಿಗೆ ಹಣ ಹಾಕುವುದು ದಂಡ.

ಮಿರಜ ತಾಲೂಕಿನ ಪೂರ್ವ ಭಾಗ ಕಡಿಮೆ ಮಳೆಯ ಸೀಮೆ. ಇಲ್ಲೇಕೆ ಬೂಷ್ಟು ಎಂದು ಕೇಳಬಹುದು. ಹಳೆಯ ಕಲ್ಲು ಮಣ್ಣಿನ ಗೋಡೆ ಹೀರಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಅಡುಗೆಯ ಹೊಗೆ, ಹಬೆ ಹೊರಬೀಳುತ್ತಿತ್ತು. ಅದೇ ಗೋಡೆಗೆ ಸಿಮೆಂಟ್ ಗಿಲಾವು, ಅದರ ಮೇಲೆ ಎಣ್ಣೆ ಬಣ್ಣ ಬಂದರೆ ಒಳಹೊಕ್ಕ ನೀರಿಗೆ ಹೊರದಾರಿ ಇರುವುದಿಲ್ಲ.

ಗೋಡೆಯ ಮೇಲಿನ ಬಿಳಿ ಪುಡಿಯೆಲ್ಲ ಬೂಷ್ಟಲ್ಲ. ಸವಳು ನೆಲದ ಊರುಗಳಲ್ಲಿ ತಳಪಾಯದಿಂದ ಏರಿದ ನೀರು ಉಪ್ಪನ್ನೂ ಹೊತ್ತು ತರುತ್ತದೆ. ಪುಡಿಗೆ ನಾಲ್ಕು ಹನಿ ನೀರು ಹಾಕಿ ನೋಡಿ. ಕರಗಿದರೆ ಉಪ್ಪು, ಕರಗದೆ ಮೆತ್ತಗೆ ಅಂಟಿಕೊಂಡರೆ ಬೂಷ್ಟು. ಉಪ್ಪಾದರೆ ಒಣ ಬ್ರಷ್‌ನಿಂದ ಉದುರಿಸಬೇಕು, ತೊಳೆದರೆ ಮತ್ತೆ ಗೋಡೆಯೊಳಗೇ ಇಳಿಯುತ್ತದೆ.

ಇನ್ನೊಂದು ಪರೀಕ್ಷೆಗೆ ಖರ್ಚಿಲ್ಲ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿಗಟ್ಟಿದರೆ ನೀರು ಗೋಡೆಯೊಳಗಿನದು. ಮಾಳಿಗೆಯ ಬಿರುಕು, ಕಸ ಕಟ್ಟಿದ ಮಳೆನೀರಿನ ಕೊಳವೆ, ತುಂಬಿ ಹರಿಯುವ ಟಾಕಿ, ಆಚೆಬದಿಯ ಬಚ್ಚಲು, ಗೋಡೆಗೆ ಒರಗಿಸಿ ಹಾಕಿದ ಮಣ್ಣಿನ ಗುಡ್ಡೆ, ಇವನ್ನು ನೋಡಬೇಕು. ಹಾಳೆಯ ಮುಂದೆ ಹನಿಗಟ್ಟಿದರೆ ಕೋಣೆಯ ಗಾಳಿಯೇ ತೇವ. ಒಳಗೆ ಬಟ್ಟೆ ಒಣಹಾಕುವುದನ್ನು ಬಿಟ್ಟು, ಎದುರುಬದುರು ಕಿಟಕಿ ತೆರೆದು, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಸರಿಸಿದರೆ ಅರ್ಧ ತೊಂದರೆ ತೀರುತ್ತದೆ.

ಸ್ವಚ್ಛಗೊಳಿಸುವಾಗ ಒಣ ಬೂಷ್ಟನ್ನು ಗುಡಿಸಬಾರದು, ಕಣಗಳು ಮನೆತುಂಬ ಹಾರುತ್ತವೆ. ಮೂಗಿಗೆ ಎನ್-95 ಮಾಸ್ಕ್, ಕೈಗೆ ರಬ್ಬರ್ ಗವಸು ಹಾಕಿ ಸೋಪಿನ ನೀರಿನಿಂದ ತಿಕ್ಕಿ, ಫ್ಯಾನ್ ಹಚ್ಚಿ ಒಣಗಿಸಬೇಕು. ಟೈಲ್ಸ್‌ನಂಥ ಗಟ್ಟಿ ಮೇಲ್ಮೈಗೆ ಒಂದು ಲೋಟ ದ್ರವ ಬ್ಲೀಚಿಗೆ 16 ಲೋಟ ನೀರು ಬೆರೆಸಿ ಬಳಸಬಹುದು. ಬ್ಲೀಚಿಗೆ ಪಾಯಖಾನೆಯ ಆಸಿಡ್ ಎಂದೂ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣವೇ ಉತ್ತಮ ಎಂಬುದು ನನ್ನ ಅಭಿಪ್ರಾಯ. ಅದರ ಕ್ಷಾರದಲ್ಲಿ ಬೂಷ್ಟು ಬೆಳೆಯುವುದು ಕಷ್ಟ, ಗೋಡೆಯ ತೇವಕ್ಕೂ ಅದು ದಾರಿ ಬಿಡುತ್ತದೆ.

ಕೃಷ್ಣೆಯ ದಂಡೆಯ ಊರುಗಳ ಮಾತು ಬೇರೆ. 2005, 2019 ಮತ್ತು 2021ರಲ್ಲಿ ಸಾಂಗ್ಲಿ ಭಾಗದ ಮನೆಗಳಿಗೆ ಪ್ರವಾಹ ನುಗ್ಗಿತು. 2019ರ ಆಗಸ್ಟ್‌ನಲ್ಲಿ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ನೀರು 57 ಅಡಿ ಮುಟ್ಟಿತ್ತು. ಅಪಾಯದ ಮಟ್ಟ 45 ಅಡಿ. ದಿನಗಟ್ಟಲೆ ನೀರಲ್ಲಿ ನಿಂತ ಗೋಡೆ ಒಣಗಲು ಪ್ರತಿ ಇಂಚು ದಪ್ಪಕ್ಕೆ ಒಂದು ತಿಂಗಳು ಬೇಕೆಂಬುದು ಸ್ಥೂಲ ಲೆಕ್ಕ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗೆ ಆಗಸ್ಟ್‌ನಲ್ಲಿ ನೀರು ಬಂದರೆ ದೀಪಾವಳಿಗೆ ಬಣ್ಣ ಹಚ್ಚುವುದು ಅವಸರವೇ ಸರಿ. ಹತ್ತಿ ಗಾದಿ, ದಿಂಬು, ಪ್ಲೈವುಡ್ ನೆನೆದಿದ್ದರೆ ಉಳಿಸಿಕೊಳ್ಳುವ ಆಸೆ ಬೇಡ. ಎಸೆಯುವ ಮುನ್ನ ಪಂಚನಾಮೆಗಾಗಿ ಫೋಟೋ ಮಾತ್ರ ತೆಗೆದಿಡಿ.

ಕೊರೋನಾ ಕಾಲದಲ್ಲಿ, 2021ರಲ್ಲಿ, ಕಪ್ಪು ಶಿಲೀಂಧ್ರ ರೋಗದ ಸುದ್ದಿ ಹಬ್ಬಿದಾಗ ಗೋಡೆಯ ಕಪ್ಪು ಕಲೆಗೂ ಜನ ಹೆದರಿದ್ದುಂಟು. ಎರಡೂ ಒಂದಲ್ಲ. ಆ ರೋಗ ತಂದದ್ದು ಬೇರೆ ಜಾತಿಯ ಶಿಲೀಂಧ್ರ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಹಾಗೂ ಸ್ಟೀರಾಯ್ಡ್ ಬಳಕೆ ಅದಕ್ಕೆ ಎಡೆಮಾಡಿದ್ದವು. ಹಾಗೆಂದು ಗೋಡೆಯ ಬೂಷ್ಟು ನಿರುಪದ್ರವಿಯಲ್ಲ. ತೇವದ ಮನೆಗಳಲ್ಲಿ ಉಬ್ಬಸ, ಕೆಮ್ಮು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಮಗುವಿನ ಕೆಮ್ಮು ಮನೆಯಲ್ಲಿ ಹೆಚ್ಚಾಗಿ, ಬೇರೆ ಊರಿಗೆ ಹೋದಾಗ ಕಡಿಮೆಯಾಗುತ್ತಿದ್ದರೆ ವೈದ್ಯರಿಗೆ ಆ ಮಾತನ್ನೂ ತಿಳಿಸಿ.

ಇದಕ್ಕಿಂತ ದೊಡ್ಡ ಅಪಾಯ ಕಾಳಿನ ಚೀಲದಲ್ಲಿದೆ. ಬೂಷ್ಟು ಹಿಡಿದ ಶೇಂಗಾ, ಗೋವಿನಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಬೇಯಿಸಿದರೂ ಹುರಿದರೂ ಅದು ಪೂರ್ತಿ ಹೋಗದು. 1974ರಲ್ಲಿ ರಾಜಸ್ಥಾನ, ಗುಜರಾತದ ಹಳ್ಳಿಗಳಲ್ಲಿ ಇಂಥ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು. ಕೆಟ್ಟ ಕಾಳನ್ನು ದನಕ್ಕೂ ಹಾಕಬಾರದು, ವಿಷ ಹಾಲಿಗೆ ಬರುತ್ತದೆ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು. ಬೇವಿನ ಸೊಪ್ಪು ಹುಳಕ್ಕೆ ಸರಿ, ಬೂಷ್ಟಿಗೆ ಅದನ್ನೇ ನಂಬಿ ಕೂರಬಾರದು.

ಟ್ರಂಕಿನಲ್ಲಿಟ್ಟ ಕಾಗದಪತ್ರ ನೆನೆದರೆ ಒದ್ದೆ ಹಾಳೆಗಳನ್ನು ಎಳೆದು ಬಿಡಿಸಬೇಡಿ. ನಡುನಡುವೆ ಬಿಳಿ ಹಾಳೆ ಇಟ್ಟು ನೆರಳಲ್ಲಿ, ಫ್ಯಾನಿನ ಗಾಳಿಗೆ ಒಣಗಿಸಿ, ನೆನೆದ ಹಾಳೆಯನ್ನು ಆಗಾಗ ಬದಲಿಸಿ. ಸಾತಬಾರಾ ಉತಾರ ಆನ್‌ಲೈನ್‌ನಲ್ಲಿ ಮತ್ತೆ ಸಿಗುತ್ತದೆ. ಅಜ್ಜನ ಕಾಲದ ಖರೀದಿ ಪತ್ರವನ್ನು ಮಾತ್ರ ಮಳೆಗಾಲಕ್ಕೆ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದು, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಎತ್ತರಕ್ಕೆ ಇಡುವುದು ಒಳ್ಳೆಯದು.