ಸಂಘದ ಷೇರು, ಪಡಿತರ ಚೀಟಿ, ವಯಸ್ಸು: ಕೆಂಕೆರೆ ಸೀಮೆಯ ಹಿರಿಯರ ಆರೋಗ್ಯ ವಿಮೆ ಬದಲಾದ ಬಗೆ

ಆರೋಗ್ಯ ವಿಮೆ ಬದಲಾಯಿಸುವುದನ್ನು ಗ್ರಾಹಕನ ಆಯ್ಕೆಯೆಂದು ನೋಡುವುದು ಸಾಮಾನ್ಯ. ಹುಳಿಯಾರಿಗೆ ಹೊಂದಿಕೊಂಡ ಕೆಂಕೆರೆಯಿಂದ ತಿಪಟೂರು, ತುರುವೇಕೆರೆಗಳವರೆಗಿನ ತೆಂಗಿನ ಸೀಮೆಗೆ ಈ ನೋಟ ಅರ್ಧ ಮಾತ್ರ ಒಪ್ಪುತ್ತದೆ. ಇಲ್ಲಿನ ವೃದ್ಧರಲ್ಲಿ ಹೆಚ್ಚಿನವರು ವಿಮೆ ಬದಲಾಯಿಸಲಿಲ್ಲ. ಅವರ ವಿಮೆಯೇ ಬದಲಾಯಿತು. ಹಾಗೆ ಬದಲಾದಾಗಲೆಲ್ಲ ಯಾವ ದಾಖಲೆ ತೋರಿಸಬೇಕು, ಯಾವ ಆಸ್ಪತ್ರೆಗೆ ಮೊದಲು ಹೋಗಬೇಕು ಎಂಬುದೂ ಬದಲಾಯಿತು. ಯೋಜನೆಯ ಮೊತ್ತಕ್ಕಿಂತ ಈ ಬಾಗಿಲುಗಳೇ ಮುಖ್ಯವೆಂಬುದು ಈ ಲೇಖನದ ವಾದ.

ಮೊದಲ ಬಾಗಿಲು ಸಹಕಾರ ಸಂಘದ್ದು. 2002ರಲ್ಲಿ ಘೋಷಣೆಯಾಗಿ 2003ರ ಜೂನ್‌ನಿಂದ ಜಾರಿಗೆ ಬಂದ ಯಶಸ್ವಿನಿ ಯೋಜನೆಯ ಮೊದಲ ವಂತಿಗೆ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. ವ್ಯವಸಾಯ ಸೇವಾ ಸಹಕಾರ ಸಂಘದಲ್ಲೋ ಹಾಲಿನ ಡೇರಿಯಲ್ಲೋ ಷೇರು ಇದ್ದರೆ ಸಾಕು, ಕಾರ್ಡು ಹಿಡಿದು ಪಟ್ಟಿಯಲ್ಲಿದ್ದ ಆಸ್ಪತ್ರೆಗೆ ನೇರವಾಗಿ ಹೋಗಬಹುದಿತ್ತು. ಶಸ್ತ್ರಚಿಕಿತ್ಸೆಗೆ ಹಣ ಸಿಗುತ್ತಿತ್ತು. ಬಿಪಿ, ಶುಗರ್ ಮಾತ್ರೆಗಳಿಗೆ ಸಿಗುತ್ತಿರಲಿಲ್ಲ. ವಯೋಮಿತಿ 75. ಚಿಕಿತ್ಸೆ ಹೆಚ್ಚು ಬೇಕಾಗುವ ವಯಸ್ಸಿನಲ್ಲೇ ಬಾಗಿಲು ಮುಚ್ಚುತ್ತಿದ್ದ ಈ ನಿಯಮವನ್ನು ಯೋಜನೆಯನ್ನು ಮೆಚ್ಚುವವರೂ ಮರೆಯಬಾರದು.

ಎರಡನೆಯ ಬಾಗಿಲು ಪಡಿತರ ಚೀಟಿಯದು. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಬಂತು. ಯಶಸ್ವಿನಿ, ವಾಜಪೇಯಿ ಆರೋಗ್ಯಶ್ರೀ ಮೊದಲಾದವು ಅದರೊಳಗೆ ಸೇರಿದವು. ಮೇ 31ಕ್ಕೆ ಯಶಸ್ವಿನಿ ನಿಂತಿತು. ಆಯುಷ್ಮಾನ್ ಭಾರತ್ ಜೊತೆಗೂಡಿದ ಮೇಲೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ ದೊರೆಯಿತು. ಎಪಿಎಲ್ ಕುಟುಂಬಕ್ಕೆ ಸಿಕ್ಕಿದ್ದು ನಿಗದಿತ ದರದ ಶೇ. 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ತೋಟವಿದ್ದು ಬಿಪಿಎಲ್ ಚೀಟಿಯಿಲ್ಲದ, ಆದರೆ ಕೊಬ್ಬರಿ ಮಾರುವ ತನಕ ಕೈಯಲ್ಲಿ ಕಾಸಿಲ್ಲದ ಬೆಳೆಗಾರ ಇಲ್ಲಿ ಸಿಕ್ಕಿಬಿದ್ದ. ಉಂಡೆ ಕೊಬ್ಬರಿಗೆ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಬೇಕು. ಮುರಿದ ಸೊಂಟದ ಮೂಳೆ ಅಷ್ಟು ದಿನ ಕಾಯುವುದಿಲ್ಲ. ಸಂಘದ ಸದಸ್ಯನೆಂಬ ನೆಲೆಯಲ್ಲಿ ಅವನಿಗಿದ್ದ ಹಕ್ಕು ಪಡಿತರ ಚೀಟಿಯ ಬಣ್ಣಕ್ಕೆ ಬಿದ್ದುಹೋಯಿತು.

ದಾರಿಯೂ ಬದಲಾಯಿತು. ಹೊಸ ಯೋಜನೆಯ 1,650 ಚಿಕಿತ್ಸೆಗಳಲ್ಲಿ ತುರ್ತು ಎಂದು ಗುರುತಿಸಿದ 169ಕ್ಕೆ ಮಾತ್ರ ಖಾಸಗಿ ಆಸ್ಪತ್ರೆಗೆ ನೇರ ಪ್ರವೇಶ. ಉಳಿದವುಗಳಿಗೆ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದಿದ್ದರೆ ಶಿಫಾರಸು ಪತ್ರ. ಸರ್ಕಾರಿ ಆಸ್ಪತ್ರೆಗಳನ್ನು ಬಲಪಡಿಸುವ ಈ ತರ್ಕವನ್ನು ನಾನು ಒಪ್ಪುತ್ತೇನೆ. ಆದರೆ ಚಿಕ್ಕನಾಯಕನಹಳ್ಳಿ, ತುಮಕೂರು, ಬೆಂಗಳೂರು ಎಂದು ಹತ್ತಿ ಇಳಿಯಬೇಕಾದ ಎಪ್ಪತ್ತರ ಹೆಂಗಸಿಗೆ ಪ್ರತಿ ಹಂತವೂ ಜೊತೆಗೆ ಬರುವವರ ಒಂದು ದಿನದ ಕೂಲಿ. ಈ ಖರ್ಚು ಯಾವ ಪ್ಯಾಕೇಜ್ ದರದಲ್ಲೂ ಇಲ್ಲ.

ಯಶಸ್ವಿನಿ ಮತ್ತೆ ಜಾರಿಗೆ ಬಂದದ್ದು 2023ರ ಜನವರಿ 1ರಿಂದ. ಗ್ರಾಮೀಣ ಭಾಗದಲ್ಲಿ ನಾಲ್ವರ ಕುಟುಂಬಕ್ಕೆ ವಂತಿಗೆ 500 ರೂಪಾಯಿ, ಮಿತಿ 5 ಲಕ್ಷ. 2024ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಆ ಲೆಕ್ಕದಲ್ಲಿ ಇಡೀ ಕುಟುಂಬದ ವಂತಿಗೆ ನಾಲ್ಕು ಕಿಲೋ ಕೊಬ್ಬರಿಯ ಬೆಲೆಗಿಂತ ತುಸು ಹೆಚ್ಚು. ಹಣ ದೊಡ್ಡ ಅಡ್ಡಿಯಲ್ಲ. ಆದರೆ 2018ರಲ್ಲಿ 68 ವರ್ಷದವನಾಗಿದ್ದವನಿಗೆ ನಡುವಿನ ನಾಲ್ಕೂವರೆ ವರ್ಷವನ್ನು ಯಾರೂ ಹಿಂದಿರುಗಿಸಲಾರರು. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಆರಂಭಿಸಿದ ವಯ ವಂದನಾ ಕಾರ್ಡು ಮೂರನೆಯ ಬಾಗಿಲು ತೆರೆಯಿತು: 70 ದಾಟಿದವರಿಗೆ ಆದಾಯ ನೋಡದೆ 5 ಲಕ್ಷ. ತತ್ವದ ಮಟ್ಟಿಗೆ ಇದು ದೊಡ್ಡ ಹೆಜ್ಜೆ. ಚೀಟಿಯೂ ಷೇರೂ ಇಲ್ಲದೆ ವಯಸ್ಸೇ ಅರ್ಹತೆಯಾಯಿತು, ಹಿಂದಿನಿಂದ ಇದ್ದ ಕಾಯಿಲೆಗೂ ಕಾಯುವ ಅವಧಿಯಿಲ್ಲ.

ಇಚ್ಛೆಯಿಂದ ಬದಲಾಯಿಸುವ ಮಾತು ಬರುವುದು ಖಾಸಗಿ ಪಾಲಿಸಿಯಲ್ಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಕಂಪನಿಯ ಗುಂಪು ವಿಮೆಯಲ್ಲಿ ಊರಿನ ಅಪ್ಪ ಅಮ್ಮನ ಹೆಸರೂ ಸೇರಿರುತ್ತದೆ. ಮಗ ಕೆಲಸ ಬಿಟ್ಟರೆ ಅದು ಮುಗಿಯಿತು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಸರಿಯುವ ಹಕ್ಕು ನಿಯಮದಲ್ಲಿದೆ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವ ಪೋರ್ಟಬಿಲಿಟಿ 2011ರ ಅಕ್ಟೋಬರ್‌ನಿಂದಲೇ ಇದೆ. ಹಾಗೆ ಹೋಗುವಾಗ ಪ್ರೀಮಿಯಂ ದರ ಜೊತೆಗೆ ಬರುವುದಿಲ್ಲ, ಕಾದು ಕಳೆದ ಅವಧಿ ಬರುತ್ತದೆ. ಅದೂ ಹಳೆಯ ವಿಮಾ ಮೊತ್ತದ ಮಟ್ಟಿಗೆ. ಮೊತ್ತ ಹೆಚ್ಚಿಸಿಕೊಂಡರೆ ಹೆಚ್ಚಿದ ಭಾಗಕ್ಕೆ ಕಾಯುವುದು ಹೊಸದಾಗಿ ಶುರು. ಪೂರ್ವ ಕಾಯಿಲೆಗೆ ಕಾಯಿಸುವ ಗರಿಷ್ಠ ಅವಧಿಯನ್ನು 2024ರ ನಿಯಮಗಳು 48 ತಿಂಗಳಿಂದ 36ಕ್ಕೆ ಇಳಿಸಿದವು. 2025ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸುವ ಮುನ್ನ ತನ್ನೊಂದಿಗೆ ಸಮಾಲೋಚಿಸಬೇಕೆಂದಿತು. ಆದರೂ ಹೊಸ ಕಂಪನಿ ಅರ್ಜಿ ತಿರಸ್ಕರಿಸಬಹುದು. ಹಾಗಾಗಿ ಒಪ್ಪಿಗೆ ಕೈಗೆ ಬರುವ ಮೊದಲು ಹಳೆಯ ಪಾಲಿಸಿಯ ನವೀಕರಣ ತಪ್ಪಿಸಬಾರದು.

ಖಾಸಗಿ ಪಾಲಿಸಿದಾರನಿಗೆ ಕಾನೂನು ಕೊಟ್ಟ ಈ ನಿರಂತರತೆ 2018ರಲ್ಲಿ ಸಂಘದ ಸದಸ್ಯನಿಗೆ ಸಿಗಲಿಲ್ಲ. ಸರ್ಕಾರಿ ಯೋಜನೆಗಳು ವಿಲೀನವಾಗುವಾಗ ಹಳೆಯ ಫಲಾನುಭವಿಯ ಹಕ್ಕು ಹೊಸದರಲ್ಲಿ ಕುಗ್ಗದಂತೆ ಒಂದು ನಿಯಮ ಬೇಕು, ವಿಶೇಷವಾಗಿ 60 ದಾಟಿದವರಿಗೆ. ಅದನ್ನು ಜಾರಿಮಾಡಲು ಹೊಸ ಕಚೇರಿ ತೆರೆಯಬೇಕಿಲ್ಲ. ಯಾರ ಮನೆಯಲ್ಲಿ ಎಷ್ಟು ವಯಸ್ಸಿನವರು ಇದ್ದಾರೆಂಬುದು ಊರಿನ ಡೇರಿ ಕಾರ್ಯದರ್ಶಿಗೆ ಈಗಲೂ ಗೊತ್ತು.